ಮೊದಲ ಹಲಗೆ ಎತ್ತುವ ಅಧಿಕಾರ

ಎದೆಗುಂದದೆ ಇರುವುದು ಹೇಗೆ, ಕಷ್ಟಕಾಲದಲ್ಲಿ ಊರನ್ನು ಮುನ್ನಡೆಸುವುದು ಹೇಗೆ ಎಂದು ಕಲಿಯಲು ನಮ್ಮೂರ ಕಟ್ಟೆ ಸಮಿತಿಯ ಅಧ್ಯಕ್ಷರ ಜೊತೆ ನಾನೂ ಕುಮಟಾಕ್ಕೆ ಹೋಗಿದ್ದೆ. ಹೆದ್ದಾರಿ ಪಕ್ಕದ ಹೋಟೆಲಿನ ಏಸಿ ಹಾಲ್. ತರಬೇತಿ ಕೊಡಲು ಬಂದವನು ಎಲ್ಲರ ಕಣ್ಣು ಮುಚ್ಚಿಸಿ, ಉಸಿರು ಎಳೆಸಿ, "ನಾನು ಬಂಡೆ, ಅಲೆ ಬಂದು ಹೋಗುತ್ತದೆ" ಎಂದು ಹೇಳಿಸಿದ. ದಿನಾ ಸಮುದ್ರ ನೋಡುವವರಿಗೆ ಅಲೆಯ ಪಾಠ! ಬಂಡೆಯಾಗಿ ಕೂತ ನನಗೆ ಚೆನ್ನಾಗಿ ನಿದ್ದೆ ಬಂತು. ಅಧ್ಯಕ್ಷರು ಮಾತ್ರ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದರು: ನಾಯಕನಾದವನು ಮೊದಲು ಜನರಿಗೆ ಧೈರ್ಯ ತುಂಬಬೇಕು, ಕೆಲಸ ಆಮೇಲೆ. "ಕೆಲಸ ಆಮೇಲೆ" ಎಂದು ಅವನೇ ಹೇಳಿದ್ದನೋ, ಇವರು ಸೇರಿಸಿಕೊಂಡರೋ, ದೇವರೇ ಬಲ್ಲ.

ಆ ನಾಯಕತ್ವವನ್ನು ಕಣ್ಣಾರೆ ಕಾಣುವ ಭಾಗ್ಯ ಅದೇ ಮಳೆಗಾಲದಲ್ಲಿ ಒದಗಿತು.

ನಮ್ಮದು ಹೊಳೆ ಸಮುದ್ರ ಸೇರುವ ಕಡೆಯ, ಗಜನಿ ಎನ್ನುವ ತಗ್ಗು ಗದ್ದೆಗಳ ಊರು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಹೊಳೆಯುದ್ದಕ್ಕೂ ಮಣ್ಣಿನ ಕಟ್ಟೆ, ಅದರಲ್ಲೊಂದು ಹಲಗೆಯ ಬಾಗಿಲು. ಜಂತ್ರಡಿ ಎನ್ನುತ್ತೇವೆ. ಒಳಗೆ ಮಳೆನೀರು ತುಂಬಿದರೆ ಇಳಿತದ ಹೊತ್ತಿಗೆ ಹಲಗೆ ಎತ್ತಿ ಹೊರಗೆ ಬಿಡಬೇಕು, ಉಬ್ಬರ ಏರುವ ಮೊದಲು ಮುಚ್ಚಬೇಕು. ಇದು ಊರಿನ ಮಗುವಿಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು. ಆದರೆ ಪ್ರತಿ ಮಳೆಗಾಲದ ಮೊದಲ ಹಲಗೆಯನ್ನು ಅಧ್ಯಕ್ಷರೇ ಕಾಯಿ ಒಡೆದು ಎತ್ತಬೇಕು ಎಂಬುದು ನಮ್ಮ ಪದ್ಧತಿ. ಮನೆ ಮುಳುಗಿದರೂ ಸರಿ, ಅವರು ಮುಟ್ಟುವ ತನಕ ಬೇರೆ ಯಾರೂ ಮುಟ್ಟುವುದಿಲ್ಲ.

ಆ ಬೆಳಿಗ್ಗೆ ಘಟ್ಟದ ನೀರೂ ಇಳಿದು ಗಜನಿ ತುಂಬಿತ್ತು. ಕಟ್ಟೆಗೆ ತೀರಾ ಹತ್ತಿರದ ಮಣ್ಣಿನ ಗೋಡೆಯ ಮನೆ ನನ್ನ ಅತ್ತೆಯದು. ಅಪ್ಪನ ತಂಗಿ, ಸಂತೆಯಲ್ಲಿ ಬಸಳೆ, ಬಾಳೆಕಾಯಿ ಮಾರಿ ಆ ಮನೆ ಕಟ್ಟಿಕೊಂಡವಳು. ನೀರು ಅವಳ ಅಂಗಳ ದಾಟಿ ಜಗಲಿ ಮುಟ್ಟಿತ್ತು. ಅವಳೂ ಅವಳ ಕೋಳಿಗಳೂ ಕಟ್ಟೆ ಮೇಲಿದ್ದರು. ಇಳಿತದ ಹೊತ್ತು, ಹೊಳೆ ಇಳಿದಿತ್ತು. ಅಧ್ಯಕ್ಷರು ಬಂದವರೇ ತೆಂಗಿನಕಾಯಿ ಪಕ್ಕಕ್ಕಿಟ್ಟು, ಟೆಂಪೊಗೆ ಕಟ್ಟಿದ್ದ ಮೈಕ್ ಕೈಗೆತ್ತಿಕೊಂಡರು.

"ಬಂಧುಗಳೇ, ಯಾರೂ ಹೆದರಬೇಡಿ. ನಾನಿದ್ದೇನೆ."

ನಾನು ಹತ್ತಿರ ಹೋಗಿ, "ಮೊದ್ಲು ಹಲಗೆ ಎತ್ತಿ, ಭಾಷಣ ಆಮೇಲೆ ಮಾಡ್ವಾ" ಎಂದೆ.

"ತಡಿ ಮಾರಾಯಾ, ಜನ ಗಾಬ್ರಿ ಆಗಿದ್ರು. ಟ್ರೇನಿಂಗಲ್ಲಿ ನೀ ಎಂತ ಕಲ್ತೆ?"

ಆಮೇಲೆ ಕೊಡೆ ಹಿಡಿದ ಇಡೀ ಊರಿನ ಕಣ್ಣು ಮುಚ್ಚಿಸಿ ಉಸಿರು ಎಳೆಸಿದರು. ಊರೂ ಎಳೆಯಿತು! ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಧೈರ್ಯವೆಲ್ಲ ತುಂಬಿ ಮುಗಿದು ಕಾಯಿ ಒಡೆಯುವಷ್ಟರಲ್ಲಿ ಉಬ್ಬರ ಏರಿ ಹೊಳೆ ತಿರುಗಿತ್ತು. ಹಲಗೆ ಎತ್ತಿದರೆ ಹೊರಗಿನ ನೀರೇ ಒಳಗೆ ನುಗ್ಗಿತು. ಬಡಿದು ಬಡಿದು ಮತ್ತೆ ಮುಚ್ಚಿದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಮಧ್ಯಾಹ್ನದೊಳಗೆ ಅತ್ತೆಯ ಮನೆಯ ಹಿಂದಿನ ಗೋಡೆ ಕುಸಿದು ಅಡುಗೆಮನೆ ನೀರುಪಾಲಾಯಿತು. ಒಲೆಯೂ ಹೋಯಿತು.

ನೀರಿಳಿದ ಮೇಲೆ ಅಧ್ಯಕ್ಷರು ಬಂದರು. ಅತ್ತೆ ಕೆಸರಿನಿಂದ ಪಾತ್ರೆ ಹೆಕ್ಕುತ್ತಿದ್ದಳು.

"ಅಕ್ಕಾ, ನಿನ್ನ ಧೈರ್ಯ ಊರಿಗೇ ಮಾದರಿ. ಹೀಂಗೆ ಗೋಡೆ ಹತ್ರ ನಿಂತ್ಕೋ, ಒಂದು ಫೋಟೋ ತೆಗೀತೆ."

ಅತ್ತೆ ತಲೆ ಎತ್ತಿದಳು.

"ನಂಗೆ ಧೈರ್ಯ ಎಂತಕ್ಕೆ ಬೇಕಿತ್ತು ತಮಾ? ನೀನು ಹಲಗೆ ಎತ್ತಿದ್ರೆ ಸಾಕಾಗಿತ್ತು."

ನಾಚಿಕೊಂಡು ಹೋದರು ಅಂದುಕೊಂಡಿರಾ? ಅವಳು ನಿಲ್ಲದಿದ್ದರೇನಂತೆ ಎಂದು ಕುಸಿದ ಗೋಡೆಯ ಮುಂದೆ ತಾವೇ ನಿಂತು, ಫೋನನ್ನು ನನ್ನತ್ತ ಚಾಚಿದರು. ನಾನು ಅದನ್ನು ಇಸಿದುಕೊಂಡು ಜಗಲಿಯ ಕೆಸರಿನಲ್ಲಿಟ್ಟು, ಅತ್ತೆಯ ಜೊತೆ ಪಾತ್ರೆ ಹೆಕ್ಕಲು ಕೂತೆ.