ಫಾದರ್ ಕೊಡದ ಮೈಕು

ಸೇನೆಗೆ ಸೇರಿ ಅಂತ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಗಂಟಲು ಹರಿದುಕೊಂಡರೂ ನಿಂತು ಕೇಳಿದವರು ನಾಲ್ಕೇ ಜನ. ಅದೇ ಭಾನುವಾರ ನನ್ನ ಜೊತೆಯ ಹವಾಲ್ದಾರ ಇನ್ನೊಂದೂರಿನ ಚರ್ಚಿನಲ್ಲಿ, ಪ್ರಾರ್ಥನೆ ಮುಗಿದ ಮೇಲೆ, ತುಂಬಿದ ಸಭೆಗೆ ಭಾಷಣ ಮಾಡಿ ಬಂದಿದ್ದ. ಹೊಟ್ಟೆ ಉರಿದುಹೋಯಿತು.

ಮುಂದಿನ ವಾರ ನಾನೂ ಹಾಸನದ ಒಂದು ಚರ್ಚಿಗೆ ಹೋಗಿ ಫಾದರ್ ಹತ್ತಿರ ಐದು ನಿಮಿಷ ಮೈಕ್ ಕೇಳಿದೆ.

"ಕೊಡಲ್ಲ ಸಾರ್. ಇಲ್ಲಿ ನಿಂತು ಕರೆದ್ರೆ ದೇವರೇ ಕರೆದ ಅನ್ಕೋತಾರೆ. ಸರ್ಕಾರದ ಕೆಲಸ ಅಲ್ವಾ, ಗೇಟಿನಾಚೆ ಕೇಳಿ" ಅಂದರು.

ಗೇಟಿನಾಚೆ ಬಿಸಿಲಲ್ಲಿ ನಿಂತೆ. ಕೊನೆಗೆ ಪ್ರಾರ್ಥನೆ ಮುಗಿಸಿ ಒಬ್ಬ ತಾಯಿ ಮಗಳ ಕೈಹಿಡಿದು ಬಂದಳು.

"ಸಾ, ಎಣ್ಮಕ್ಳನ್ನೂ ತಗೋತೀರಾ? ಇವ್ಳು ಓಗೇ ಓಯ್ತೀನಿ ಅಂತವ್ಳೆ ಕಣ್ ಸಾ."

ಅರ್ಜಿ ಹಾಕುವುದನ್ನು, ಓಟದ ಪರೀಕ್ಷೆಯನ್ನು ಎಲ್ಲ ಬಿಡಿಸಿ ಹೇಳಿದೆ. ಹುಡುಗಿ ಆಯ್ಕೆಯೂ ಆದಳು. ಆ ತಾಯಿ ಸಂತೋಷಕ್ಕೆ ಕೊಟ್ಟ ಮೈಸೂರುಪಾಕಿನ ಡಬ್ಬ ಮಾತ್ರ ನೇರ ಫಾದರ್ ಮನೆಗೆ ಹೋಯಿತಂತೆ.