ಬೇವಿನ ಗಿಡಕ್ಕೆ ತೂಗಿದ ಪಾಟಾ

ವಾರವಿಡೀ ತಗಡು ಹಾರಿಸುತ್ತಿದ್ದ ಆಷಾಢದ ಗಾಳಿ ಇಂದು ಮುಂಜಾನೆ ಒಮ್ಮೆಲೇ ನಿಂತಿದೆ. ಹುನಗುಂದದಿಂದ ಇಳಕಲ್ಲಿಗೆ ಹೊರಳುವ ರಸ್ತೆಯ ಧೂಳು ಏರದೆ, ಇಳಿಯದೆ, ನಡುವೆಯೇ ತೂಗುತ್ತಿದೆ. ಬೇವಿನ ಒಂದು ಎಲೆಯೂ ಅಲುಗದು. ಆದರೂ ಗಿಡದ ಬುಡದಲ್ಲಿ ನಿಂತ ಖಾಲಿ ಜೀಪು ಕಿರ್ರೆನ್ನುತ್ತದೆ, ಯಾರೋ ಹತ್ತಿ ಕುಳಿತ ಹಾಗೆ.

ನಮಾಜು ಮುಗಿಸಿ ಬಂದ ಮಲೀಕಸಾಬರು ಅದನ್ನು ಕೇಳಿ ಅಲ್ಲೇ ನಿಲ್ಲುತ್ತಾರೆ.

ಜೀಪಿನ ಪಾಟಾ ಎತ್ತರಿಸುವುದು ಇವರ ಕಸುಬು. ಈ ಪಾಟಾಗಳೇ, ಅಂದರೆ ಒಂದರ ಮೇಲೊಂದು ಕೂಡಿಸಿದ ಬಾಗು ಉಕ್ಕಿನ ಪಟ್ಟಿಗಳೇ, ಗಾಡಿಯ ಭಾರ ಹೊರುವುದು. ಅವನ್ನು ಬಿಚ್ಚಿ, ಕಾಯಿಸಿ, ಬಡಿದು, ಬಾಗು ಹೆಚ್ಚಿಸಿ, ಮೇಲೊಂದು ಪಟ್ಟಿ ಸೇರಿಸಿದರೆ ಜೀಪು ನಾಲ್ಕು ಬೆರಳು ಏಳುತ್ತದೆ. ಎರೆಹೊಲದ ಜಾಡಿನಲ್ಲಿ ಹೊಟ್ಟೆ ತಿಕ್ಕುವುದಿಲ್ಲ. ಇವರು ಹುಟ್ಟಿದ್ದು ಕಲಾದಗಿಯಲ್ಲಿ, ಚಕ್ಕಡಿ ಗಾಲಿಗೆ ಹಳಿ ಕಟ್ಟುವವರ ಮನೆಯಲ್ಲಿ. ಬಾಗಲಕೋಟೆಯ ಗ್ಯಾರೇಜಿನಲ್ಲಿ ಕಲಿತು, ಮಿಲಿಟರಿ ಹರಾಜಿನ ಜೀಪುಗಳು ಬಂದ ಕಾಲಕ್ಕೆ ಇಲ್ಲಿ ಚಪ್ಪರ ಹಾಕಿದರು. ಹೆಂಡತಿ ಕಾಸಿಂಬಿ ಕುಲುಮೆಯ ತಿದಿ ಒತ್ತುತ್ತಾರೆ. ದಿನಕ್ಕೆ ಒಂದು ಬದಿ ಮುಗಿದರೆ ಅದೇ ದೊಡ್ಡದು. ಬಡಿತದ ಸಪ್ಪಳಕ್ಕೆ ಇವರ ಎಡಗಿವಿ ಹೋಗಿದೆ.

ಕೆಲಸ ಮುಗಿದ ಗಾಡಿಯನ್ನು ಇವರು ಅಂದೇ ಕೊಡುವುದಿಲ್ಲ. ರಾತ್ರಿ ಖಾಲಿ ನಿಲ್ಲಿಸಿ, ಬೆಳಕು ಹರಿಯುವಾಗ ನಾಲ್ಕೂ ಗಾಲಿಗಳ ಮೇಲೆ ಬೆರಳಿಟ್ಟು ಅಳೆಯುತ್ತಾರೆ. “ಹಗಲೆಲ್ಲಾ ಗಾಡಿ ಮಂದಿ ಮಾತು ಕೇಳ್ತೈತ್ರಿ. ಒಂದ ನಿಂತಾಗ ಅದರ ಖರೆ ತೂಕ ತಿಳಿತೈತಿ” ಅನ್ನುತ್ತಾರೆ.

ಇಂದು ಅಳೆದರೆ ಮುಂದಿನ ಬಲಗಡೆ ಎರಡು ಬೆರಳು ಕುಸಿದಿದೆ. ನಿನ್ನೆಯೂ ಹಾಗೇ ಕುಸಿದಿತ್ತು. ಬಿಚ್ಚದೆ, ಬೋಲ್ಟು ಬಿಗಿಮಾಡಿ ಸರಿಪಡಿಸಿದ್ದರು. ಡ್ರೈವರ್ ಕೂಡುವ ಬದಿ ಅದು.

ಹಳ್ಳಿಗಳಿಗೆ ನರ್ಸಮ್ಮನನ್ನು ಒಯ್ಯುವ ಜೀಪು ಇದು. ಐಹೊಳೆ ಕಡೆಯ ಊರೊಂದರಲ್ಲಿ ದಿನ ತುಂಬಿದ ಬಸುರಿ ಇದ್ದಾಳೆ. ನಾಳೆ ಮುಂಜಾನೆ ಹೊರಡಲೇಬೇಕು. ಡ್ರೈವರ್ ಅಮಸಿದ್ದಪ್ಪ ಮಾತ್ರ ಹತ್ತಿರ ಬರದೆ ದೂರದಲ್ಲಿ ಬೀಡಿ ಸೇದುತ್ತ ಕೂತಿದ್ದಾನೆ.

“ಎತ್ತರಾ ಮಾಡು ಅಂದ್ರ ಡ್ರೈವರನ್ನೂ ಕೂಡಿಸಿ ಇಟ್ಟೀರೇನ್ ಕಾಕಾ? ನಾ ಎಲ್ಲಿ ಕೂಡ್ಲಿ, ಅಂವನ ತೊಡಿ ಮ್ಯಾಲ?”

ಮಲೀಕಸಾಬರು ನಗುವುದಿಲ್ಲ. ಬೇವಿನ ಕೊಂಬೆಯತ್ತ ನೋಡುತ್ತಾರೆ. ಅಲ್ಲಿ ತೂಗಿಸಿದ್ದ ಪಾಟಾ ಇಲ್ಲ.

ಹೋದ ಮಳೆಗಾಲ ಹುಲ್ಲಪ್ಪನೆಂಬ ಡ್ರೈವರ್ ಜೀಪಿನ ಸಮೇತ ಮಲಪ್ರಭೆಯ ಸೆಳವಿಗೆ ಸಿಕ್ಕು ತೀರಿಕೊಂಡ. ಆ ಜೀಪಿನ ಕಬ್ಬಿಣ ಇಲ್ಲಿಗೆ ಬಂತು. ಅವನ ಹೆಂಡತಿ ಮಾಯವ್ವನ ಮನೆತನದಲ್ಲಿ ಒಂದು ನಡೆಯಿದೆ: ದುಡಿಯುತ್ತ ಸತ್ತವನ ಗಾಡಿಯದೋ ನೇಗಿಲಿನದೋ ಒಂದು ತುಂಡು ಕಬ್ಬಿಣ ಮನೆಗೆ ಮರಳಬೇಕು. ಅದರಿಂದ ಉಣ್ಣೆ ಕತ್ತರಿ ಮಾಡಿಸಿ ಬೀರಪ್ಪ ದೇವರ ಮುಂದಿಡಬೇಕು. ಅಲ್ಲಿಯವರೆಗೆ ಅವನ ದುಡಿಮೆ ಮುಗಿಯುವುದಿಲ್ಲವಂತೆ. ಆಕೆ ಒಂದು ಪಾಟಾಕ್ಕೆ ಕರಿ ಉಣ್ಣೆಯ ದಾರ ಕಟ್ಟಿ, ದೂರದ ಸೀಮೆಯಲ್ಲಿ ಕುರಿ ಮೇಯಿಸಿ ಮರಳುವ ತನಕ ಜೋಪಾನವಾಗಿಡಿ ಎಂದು ಹೇಳಿ ಹೋಗಿದ್ದಳು. ಈ ವಾರದ ಗಾಳಿ ಅದನ್ನು ಕೊಂಬೆಯಿಂದ ಕಬ್ಬಿಣದ ರಾಶಿಗೆ ಕೆಡವಿದೆ. ಮೊನ್ನೆ ಮುಸ್ಸಂಜೆಯಲ್ಲಿ ಮಲೀಕಸಾಬರ ಕೈಗೆ ಸಿಕ್ಕಿದ್ದು ಒಳ್ಳೆಯ ಉಕ್ಕು, ಸರಿಯಾದ ಬಾಗು. ದಾರ ಕಾಣದೆ, ಕಾಯಿಸದೆ ಹಾಗೇ ಈ ಜೀಪಿಗೆ ಕೂಡಿಸಿದ್ದರು.

ಜ್ಯಾಕು ಕೊಟ್ಟು ಬಿಚ್ಚುತ್ತಾರೆ. ಎರಡು ಪಟ್ಟಿಗಳ ನಡುವೆ, ಗ್ರೀಸಿನಲ್ಲಿ, ಕರಿ ದಾರ ಚಪ್ಪಟೆಯಾಗಿ ಅಂಟಿದೆ. ತಿದಿಯ ಮೇಲಿದ್ದ ಕಾಸಿಂಬಿಯ ಕೈ ನಿಲ್ಲುತ್ತದೆ.

ಅಮಸಿದ್ದಪ್ಪ ಬೀಡಿ ಒಗೆದು ಎದ್ದು ಬರುತ್ತಾನೆ. ಬೇರೆ ಪಾಟಾ ಏರಿಸಲು ತಾನೇ ಪಾನಾ ಹಿಡಿಯುತ್ತಾನೆ. ತನಗೆ ಗೇರು ಹಾಕಲು ಕಲಿಸಿದವನೇ ಹುಲ್ಲಪ್ಪ ಎಂದು ಅವನು ಈಗ ಹೇಳುತ್ತಾನೆ. ಕೆಲಸ ಮುಗಿದ ಮೇಲೆ ಖಾಲಿ ಸೀಟಿಗೆ ಕೈಮುಗಿದು ಮೆಲ್ಲಗೆ ಅನ್ನುತ್ತಾನೆ: “ಭಾಳ ದುಡದಿ ಅಣ್ಣಾ. ಇಳಿ ಇನ್ನ. ನಾ ಅದೇನಿ.”

ಮರುದಿನ ಮುಂಜಾನೆ ನಾಲ್ಕೂ ಗಾಲಿಗಳ ಅಳತೆ ಸಮ. ಜೀಪು ನರ್ಸಮ್ಮನನ್ನು ಹತ್ತಿಸಿಕೊಂಡು ಹೊರಡುತ್ತದೆ. “ನನಗ ದೊಡ್ಡ ಆಸೆ ಏನಿಲ್ರಿ” ಅನ್ನುತ್ತಾರೆ ಮಲೀಕಸಾಬರು, “ನಾ ಎತ್ತಿದ ಗಾಡ್ಯಾಗ ಕುಂತವ್ರು ಮನಿ ಮುಟ್ಟಬೇಕು, ಅಷ್ಟ.”

ಆಮೇಲೆ ಬಿಚ್ಚಿಟ್ಟ ಹುಲ್ಲಪ್ಪನ ಪಾಟಾ ಹೆಗಲಿಗಿಟ್ಟು ಎರೆಹೊಲ ದಾಟಿ ನಡೆಯುತ್ತಾರೆ. ಮಾಯವ್ವನ ಕುರಿಹಟ್ಟಿ ನಿನ್ನೆಯೇ ಅಲ್ಲಿ ಬಂದಿಳಿದಿದೆ. ಗುರುತಿಲ್ಲದವರನ್ನು ಕಂಡರೆ ಹರಿದುಹಾಕುವ ಹಟ್ಟಿಯ ನಾಯಿ ಬೊಗಳುವುದಿಲ್ಲ. ಬಾಲ ಅಲ್ಲಾಡಿಸುತ್ತ, ಅವರ ಪಕ್ಕದ ಖಾಲಿ ಜಾಗವನ್ನು ಮೂಸುತ್ತ ಜೊತೆಗೆ ಬರುತ್ತದೆ.

“ತಡಾ ಆತು, ತಂಗೀ.”

ಮಾಯವ್ವ ಚಪ್ಪಟೆಯಾದ ದಾರವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಕಂಬಳಿ ಬಿಡಿಸಿ ಹಿಡಿಯುತ್ತಾಳೆ. ಮಲೀಕಸಾಬರು ತಮ್ಮ ಟವೆಲಿನಿಂದ ಗ್ರೀಸು ಒರೆಸಿ, ಎರಡೂ ಕೈಗಳಿಂದ ಪಾಟಾವನ್ನು ಅದರಲ್ಲಿಡುತ್ತಾರೆ.