ಕಾಕಾ ಬರೆದ ಅಮೆರಿಕದ ಮುಖ

ಹೋದ ತಿಂಗಳು ನಮ್ಮ ಶಾಲೆಯ ಕಿಟಕಿಗಳಿಗೆ ಬಣ್ಣ ಹಚ್ಚಲು ಬಂದವನು ಸ್ಟಾಫ್ ರೂಮಿನ ಹೊರಗೆ ಕೂತು ಟರ್ಪಂಟೈನ್ ಡಬ್ಬಿ ತೆರೆದ. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಹೋಗಿ ಬೇವಿನ ಗಿಡದ ಕೆಳಗೆ ನಿಂತುಕೊಂಡೆ. ಜೊತೆಯ ಶಿಕ್ಷಕಿಯೊಬ್ಬಳು ಹಿಂದೆಯೇ ಬಂದು, "ಅಲರ್ಜಿ ಅದೇನ್ರಿ ಮೇಡಂ?" ಎಂದು ಕೇಳಿದಳು. ಹೌದು ಎಂದೆ. ಅಂಜಿಕೆ ಎಂದಿದ್ದರೆ ಅವಳಿಗೆ ಎಲ್ಲಿಂದ ಶುರುಮಾಡಿ ಹೇಳಬೇಕಾಗುತ್ತಿತ್ತೋ...

ನಾನು ಶಹಾಬಾದಿನವಳು. ಇಪ್ಪತ್ತು ವರ್ಷದ ಹಿಂದೆ ಸೇಡಂನ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಸೇರಿದಾಗ ರೈಲಿನ ವೇಳೆ ಹೊಂದದೆ ಅಲ್ಲಿಯೇ ಒಂದು ಕೋಣೆ ಹಿಡಿದೆ. ಸ್ಟೇಷನ್ನಿಗೆ ಹತ್ತಿರವಿದ್ದ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವರನ್ನು ಕಾಕಾ, ಕಾಕಿ ಎಂದೇ ಕರೆದೆ, ಬೇರೆ ಹೆಸರು ನಾಲಿಗೆಗೆ ಬರಲೇ ಇಲ್ಲ. ನಡುವೆ ಫರಸಿ ಕಲ್ಲು ಹಾಸಿದ ಅಂಗಳ. ಅಂಗಳದ ಈ ಬದಿ ನಾನು, ಆ ಬದಿ ಅವರು. ಕಾಕಾ ಮುಂಜಾನೆ ಸ್ನಾನ, ಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆ ಪರಮ ಆಚಾರವಂತರಂತೆ ಕಾಣುತ್ತಿದ್ದರು. ಆದರೆ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಬಣ್ಣ, ಮೈಗೆ ಟರ್ಪಂಟೈನ್ ವಾಸನೆ.

ಅವರು ಸೇಡಂ ಹತ್ತಿರದ ಆಡಕಿ ಎಂಬ ಹಳ್ಳಿಯವರು. ಹರೆಯದಲ್ಲಿ ರೈಲು ಹತ್ತಿ ಸಿಕಂದರಾಬಾದಿಗೆ ಹೋಗಿ, ಬರೀ ಇಂಗ್ಲಿಷ್ ಪಿಕ್ಚರ್ ಹಾಕುವ ಒಂದು ಟಾಕೀಸಿನಲ್ಲಿ ಬ್ಯಾನರ್ ಬರೆಯುವ ಉಸ್ತಾದರ ಕೈಕೆಳಗೆ ಸೇರಿದ್ದರು. ಉಸ್ತಾದರು ತೀರಿಕೊಂಡ ಮೇಲೆ ಬ್ರಷ್ಷು ಇವರ ಕೈಗೆ ಬಂತು. ಮುಂದೆ ಮಷಿನ್ನಿನಲ್ಲಿ ಛಾಪಿಸಿದ ಬ್ಯಾನರು ಬರತೊಡಗಿದಾಗ ಕೆಲಸ ಹೋಯಿತು. ಸೇಡಂಗೆ ಬಂದು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಇದೆಲ್ಲ ಅವರಾಗಿ ಹೇಳಿದ್ದು ಕಡಿಮೆ. ಅವರು ಹೇಳುತ್ತಿದ್ದದ್ದು ಒಬ್ಬನೇ ಒಬ್ಬ ಅಮೆರಿಕದ ನಟನ ಕಥೆ. ಅವನ ಹೆಸರನ್ನು ತಮ್ಮದೇ ರೀತಿಯಲ್ಲಿ ಉಚ್ಚರಿಸಿ, ಆಮೇಲೆ 'ನಮ್ಮಂವ' ಎಂದುಬಿಡುತ್ತಿದ್ದರು. ಆಡಕಿಯಲ್ಲಿ ಹೊಲ ಮಾಡಿಕೊಂಡಿರುವ ದಾಯಾದಿಯೊಬ್ಬನ ಸುದ್ದಿ ಹೇಳಿದಂತೆ.

ನಮ್ಮಂವ ಒಣ ನೆಲದಲ್ಲಿ ಹುಟ್ಟಿದವನಂತೆ. ಹತ್ತಿ ಬೆಳೆಯುವ ಊರು, ಅಪ್ಪನದು ಕುದುರೆಗಳಿಗೆ ಲಾಳ ಕಟ್ಟುವ ಕೆಲಸ. ಓದು ಬರುವ ಮೊದಲೇ ಕುದುರೆ ಸವಾರಿ ಬಂತು. ಅಪ್ಪನ ಜೊತೆ ಜಗಳಾಡಿ ಸಿನಿಮಾದ ಊರಿಗೆ ಹೋದ. ಅಲ್ಲಿ ಸಿಕ್ಕ ಕೆಲಸ ಲಾಯದ ಲದ್ದಿ ಬಳಿಯುವುದು. ಒಂದು ದಿನ ಹೀರೋ ಕುದುರೆಯಿಂದ ಬೀಳುವ ದೃಶ್ಯ. ಹೀರೋಗೆ ಧೈರ್ಯ ಬರಲಿಲ್ಲ, ಲಾಯದ ಹುಡುಗನನ್ನು ಕರೆದರು. ಆಮೇಲೆ ವರ್ಷಗಟ್ಟಲೆ ಅದೇ ಕೆಲಸ... "ಬೀಳೋದು ನಮ್ಮಂವ, ಏಳೋದು ಹೀರೋ. ಪಡದೆ ಮ್ಯಾಲ ಇವನ ಬೆನ್ನು ನೋಡಿದ್ರು ಮಂದಿ, ಮುಖ ನೋಡಿದ್ದಿಲ್ಲ" ಎಂದು ಕಾಕಾ ನಗುತ್ತಿದ್ದರು.

ಕೊನೆಗೆ ಒಂದು ಪಿಕ್ಚರಿನಲ್ಲಿ ಅವನ ಮುಖ ಕಂಡಿತು, ಖಳನಾಯಕನದು. ಅವನು ಬಾಗಿಲು ತೆರೆದು ಒಳಗೆ ಬಂದರೆ ಟಾಕೀಸಿನಲ್ಲಿ ಹೆಣ್ಣುಮಕ್ಕಳು ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಖಳನ ಕಣ್ಣಿನ ಕೆಳಗೆ ಹಸಿರು ಹಚ್ಚಬೇಕು ಎಂದು ಉಸ್ತಾದರು ಕಲಿಸಿದ್ದರು. ಅವನಿಗೆ ಮಾತ್ರ ಕಾಕಾ ನೀಲಿ ಹಚ್ಚಿದರು. "ಅಂವ ಕೆಟ್ಟಂವ ಅಲ್ಲ, ದಣದಾನ ಅಂತ ನನಗ ಅನಿಸ್ತಿತ್ತವ್ವಾ." ಆಮೇಲೆ ಊರಿನ ಫೌಜದಾರನ ಪಾತ್ರ ಸಿಕ್ಕಿ ನಮ್ಮಂವ ಹೀರೋ ಆದ. ಎರಡು ಮದುವೆ ಮುರಿದವು, ಮೂರನೆಯವಳು ಉಳಿದಳು. ಮುದುಕನಾದ. ಪ್ರತಿ ಹೊಸ ಪಿಕ್ಚರಿಗೂ ಕಾಕಾ ಏಣಿ ಹತ್ತಿ ಆ ಮುಖಕ್ಕೆ ಒಂದೊಂದು ಸುಕ್ಕು ಸೇರಿಸುತ್ತ ಹೋದರು. ತಮ್ಮ ಮುಖಕ್ಕೆ ಯಾವಾಗ ಸುಕ್ಕು ಬಂತೆಂದು ಅವರಿಗೆ ಗೊತ್ತಿರಲಿಲ್ಲ, ಅವನದು ಗೊತ್ತಿತ್ತು.

ಕಥೆಯ ಕೊನೆಯ ಭಾಗವನ್ನು ಅವರು ಬಹಳ ದಿನ ಹೇಳಲಿಲ್ಲ. ಒಂದು ಸಂಜೆ ಕಾಕಿ ರೊಟ್ಟಿ ಬಡಿಯುತ್ತಿದ್ದಾಗ ತಾವಾಗಿಯೇ ಶುರುಮಾಡಿದರು. ವಯಸ್ಸಾದ ಮೇಲೆ ನಮ್ಮಂವನಿಗೆ ಮಾತುಗಳು ಮರೆಯತೊಡಗಿದ್ದವು. ಕ್ಯಾಮೆರಾದ ಹಿಂದೆ ಒಬ್ಬನು ದೊಡ್ಡ ಅಕ್ಷರದಲ್ಲಿ ಬರೆದ ಹಲಗೆ ಹಿಡಿದು ನಿಲ್ಲುತ್ತಿದ್ದ, ಇವನು ಅದನ್ನು ಓದಿ ಮಾತಾಡುತ್ತಿದ್ದ. ಕೊನೆಯ ಪಿಕ್ಚರಿನಲ್ಲಿ ಮಗಳೆದುರು ಕೂತು ಮಾತಾಡುವ ದೃಶ್ಯ. ಹಲಗೆ ಎದುರಿಗೇ ಇತ್ತು. ಇವನಿಗೆ ಅಕ್ಷರ ಕಂಡವು, ಅರ್ಥ ಹತ್ತಲಿಲ್ಲ. ಸುಮ್ಮನೆ ಆ ಹುಡುಗಿಯನ್ನು ನೋಡುತ್ತ ಕೂತುಬಿಟ್ಟ. ಕ್ಯಾಮೆರಾ ನಡೆದೇ ಇತ್ತು. ಡೈರೆಕ್ಟರು ಅದನ್ನು ಹಾಗೆಯೇ ಪಿಕ್ಚರಿನಲ್ಲಿ ಇಟ್ಟರು.

"ಮಂದಿ ಚಪ್ಪಾಳಿ ಹೊಡದರು, ಏನು ಆ್ಯಕ್ಟಿಂಗ್ ಮಾಡ್ಯಾನಪಾ ಅಂತ. ಆ್ಯಕ್ಟಿಂಗ್ ಎಲ್ಲೀದವ್ವಾ... ಅಂವ ಖರೇನೇ ಅಂಜಿದ್ದ. ಆ ಕಣ್ಣು ಬರೀಬೇಕಾದ್ರ ಏಣಿ ಮ್ಯಾಲ ನನ್ನ ಕೈ ನಡುಗಿತು."

ಒಳಗೆ ಕಾಕಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವರು ಬಾಗಿಲಿಗೆ ಬಂದು ನಿಂತು ಗಂಡನನ್ನು ನೋಡಿದ ರೀತಿಯಿಂದ ನನಗೆ ಏನೋ ತಿಳಿಯಿತು. ತಿಳಿಯಬಾರದಿತ್ತು ಅನಿಸಿತು.

ಅದಾದ ಮೇಲೆ ನನ್ನ ಕಣ್ಣಿಗೆ ಎಲ್ಲವೂ ಬೀಳತೊಡಗಿದವು. ಕಿರಾಣಿ ಅಂಗಡಿಯವನು ಕಾಕಾ ಬರೆದ ಬೋರ್ಡನ್ನು ಮರಳಿ ತಂದ, ಅರ್ಧ ಅಕ್ಷರಗಳಿಗೆ ಒತ್ತೇ ಇರಲಿಲ್ಲ. ಮತ್ತೊಂದು ದಿನ ಸಂತೆಗೆ ಹೋದವರನ್ನು ಯಾರೋ ಪರಿಚಯದವರು ಮನೆಗೆ ತಂದು ಬಿಟ್ಟರು. ದಾರಿ ತಪ್ಪಿತ್ತು ಎಂದು ಕಾಕಾ ಹೇಳಲಿಲ್ಲ, ಬಿಸಿಲು ಭಾಳ ಇತ್ತು ಎಂದರು. ನಾನು ಡಾಕ್ಟರಿಗೆ ತೋರಿಸೋಣ ಎಂದಾಗ ಕಾಕಿ ನನ್ನ ಮುಂಗೈ ಹಿಡಿದುಕೊಂಡರು. "ತೋರಸೋಣ. ಖರೆ, ಯಾರ ಮುಂದೂ ಆಡಬ್ಯಾಡ ಯವ್ವಾ. ಮಂದಿ ಹುಚ್ಚ ಅಂತಾರ. ಅದನ್ನ ಕೇಳಿದ್ರ ಅವರು ಉಳಿಯಲ್ಲ." ಕಲಬುರಗಿಗೆ ಕರೆದೊಯ್ದು ತೋರಿಸಿದೆವು. ಮರೆವಿನ ರೋಗ, ಇದು ಹೆಚ್ಚುತ್ತ ಹೋಗುತ್ತದೆ, ಕಣ್ಣಿಟ್ಟಿರಿ ಎಂದರು ಡಾಕ್ಟರು.

ಮರುದಿನ ನಾನು ಶಾಲೆಯಿಂದ ಬಂದಾಗ ಅಂಗಳದಲ್ಲಿ ಬಣ್ಣದ ಡಬ್ಬಿಗಳಿದ್ದವು. ಕಾಕಾ ಪ್ರತಿ ಬಾಗಿಲ ಮೇಲೂ ಬರೆಯುತ್ತಿದ್ದರು. ಅಡಗಿಮನಿ. ಬಚ್ಚಲ. ದೇವರ ಕೋಣಿ. ಟಾಕೀಸಿನ ಮುಂದೆ ಬರೆಯುವಂಥ ದಪ್ಪ ಅಕ್ಷರ, ಕೆಂಪಿಗೆ ಹಳದಿಯ ಅಂಚು. ಒತ್ತು, ದೀರ್ಘ ಎಲ್ಲ ಸರಿಯಾಗಿದ್ದವು. ನನ್ನ ಕೋಣೆಯ ಬಾಗಿಲಿಗೆ 'ಟೀಚರ್ ಮಗಳು' ಎಂದು ಬರೆದಿದ್ದರು. ಕಾಕಿ ಕಂಬಕ್ಕೆ ಒರಗಿ ನಿಂತಿದ್ದರು. "ನನ್ನ ಮ್ಯಾಲ ಏನ್ ಬರೀತೀರಿ?" ಎಂದು ಕೇಳಿದರು, ತಮಾಷೆ ಮಾಡಲು ಹೋಗಿ. ಕಾಕಾ ಬ್ರಷ್ಷು ಹಿಡಿದುಕೊಂಡೇ ನಿಂತರು.

ಆ ಬಣ್ಣ ಒಣಗುವವರೆಗೂ ಮನೆತುಂಬ ಅದೇ ವಾಸನೆ. ಮೂವರೂ ಒಬ್ಬರ ಅಂಜಿಕೆ ಇನ್ನೊಬ್ಬರಿಗೆ ಕಾಣದಂತೆ ಓಡಾಡಿದೆವು.

ಆ ಚಳಿಗಾಲದ ಒಂದು ರವಿವಾರ ಮಧ್ಯಾಹ್ನ ಕಾಕಿ ಬರಿಗಾಲಲ್ಲಿ ನನ್ನ ಬಾಗಿಲಿಗೆ ಓಡಿಬಂದರು. ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದವರು ಬರುವಷ್ಟರಲ್ಲಿ ಕಾಕಾ ಇಲ್ಲ. ಮೊಳೆಗೆ ನೇತುಹಾಕಿದ್ದ ಬ್ರಷ್ಷಿನ ಚೀಲವೂ ಇಲ್ಲ. ಚೀಲ ಇಲ್ಲ ಎಂದಕೂಡಲೇ ನನಗೆ ಸ್ಟೇಷನ್ ನೆನಪಾಯಿತು. ಇಬ್ಬರೂ ಓಡಿದೆವು. ಸಿಕಂದರಾಬಾದ್ ಕಡೆ ಹೋಗುವ ಪ್ಯಾಸೆಂಜರ್ ನಿಂತಿತ್ತು. ಹಿಂದಿನ ಡಬ್ಬಿಯೊಂದರ ಬಾಗಿಲಲ್ಲಿ ಬಿಳಿ ಧೋತರ ಕಂಡಿತು. ನಾನು ಆ ಡಬ್ಬಿಯ ಇನ್ನೊಂದು ಬಾಗಿಲಿಂದ ಹತ್ತುವುದಕ್ಕೂ ರೈಲು ಅಲುಗುವುದಕ್ಕೂ ಸರಿಹೋಯಿತು. ಕಾಕಿ ಪ್ಲಾಟ್‌ಫಾರ್ಮಿನ ಮೇಲೆಯೇ ಉಳಿದರು. ಅವರ ಬಾಯಿ ತೆರೆದಿತ್ತು, ದನಿ ನನಗೆ ಕೇಳಲಿಲ್ಲ.

ಜನರನ್ನು ಸರಿಸಿಕೊಂಡು ಆ ಬಾಗಿಲಿಗೆ ಹೋಗುವಷ್ಟರಲ್ಲಿ ರೈಲು ಊರು ದಾಟಿ ವೇಗ ಹಿಡಿದಿತ್ತು. ಕಾಕಾ ಒಂದು ಕೈಯಲ್ಲಿ ಸರಳು ಹಿಡಿದು, ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ, ಹೊರಗೆ ಬಾಗಿ ನೋಡುತ್ತಿದ್ದರು. ಚೀಲ ಹೆಗಲಲ್ಲಿ ಜೋತಾಡುತ್ತಿತ್ತು. ಯಾರೋ, "ಏ ಮುದುಕಾ, ಒಳಗ ಬಾ, ಸಾಯ್ತಿ" ಎಂದು ಒದರಿದರು. ಆ ದನಿಗೆ ಅವರು ಮತ್ತೂ ಹೊರಗೆ ಸರಿದರು. ನಾನು ಕೈಮುಗಿದು ಅವರನ್ನೆಲ್ಲ ಸುಮ್ಮನಿರಿಸಿದೆ.

"ಕಾಕಾ, ಒಳಗ ಬರ್ರಿ."

ತಿರುಗಿ ನೋಡಿದರು. ಆ ನೋಟದಲ್ಲಿ ನಾನಿರಲಿಲ್ಲ. "ಯಾರ್ರಿ ನೀವು? ನಾ ಇಳೀಬೇಕು. ಶುಕ್ರವಾರ ಪಿಕ್ಚರ್ ಬದಲಾಗ್ತದ, ಬ್ಯಾನರ್ ಇನ್ನಾ ಅರ್ಧಾ ಅದ. ಟಾಕೀಸ್ ಇಲ್ಲೇ ಬಂತು."

ಹೊರಗೆ ತೊಗರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು, ಹಳಿಯ ಬದಿಗೆ ಚೂಪು ಕಲ್ಲುಗಳ ರಾಶಿ. ಕೈ ಹಿಡಿದು ಎಳೆದರೆ ಕೊಸರಿಕೊಳ್ಳುತ್ತಾರೆ, ಬಿಟ್ಟರೆ ಇಳಿಯುತ್ತಾರೆ. ಬಾಯಿಗೆ ಬಂದದ್ದು ಒಂದೇ. "ನಾ ಬ್ಯಾನರ್ ಕಲೀಲಿಕ್ಕ ಬಂದೀನ್ರಿ ಉಸ್ತಾದ್. ನಿಮ್ಮ ಅಮೆರಿಕದವನ ಕಣ್ಣು ನನಗ ಬರವಲ್ಲದು. ಕೆಳಗ ಹಸರು ಹಚ್ಚಲ್ಯಾ?"

ಅವರ ಹುಬ್ಬು ಗಂಟಾಯಿತು. "ಹಸರು ಯಾಕ? ಯಾರು ಹೇಳಿದ್ರು ಹಸರು ಅಂತ?"

"ಮತ್ತ ಯಾವುದ್ರಿ? ಜರಾ ತೋರಸ್ರಿ. ಮ್ಯಾನೇಜರ್ ಬೈತಾರ."

ಸರಳು ಹಿಡಿದ ಕೈ ಸಡಿಲಾಯಿತು. ಆಮೇಲೆ ಮೆಟ್ಟಿಲ ಮೇಲಿದ್ದ ಕಾಲು ಮೇಲೆ ಬಂತು, ಕಾಕಾ ಪೂರ್ತಿ ಒಳಗೆ ಬಂದರು. ಯಾರೋ ಎದ್ದು ಜಾಗ ಕೊಟ್ಟರು. ಹಿಂದೆ ಯಾರೋ ಬಾಗಿಲು ಹಾಕಿದ ಸದ್ದಾಯಿತು. ಕಾಕಾ ಡಬ್ಬಿಯ ಗೋಡೆಯ ಧೂಳಿನಲ್ಲಿ ಬೆರಳಿನಿಂದ ಬರೆಯತೊಡಗಿದರು. ಮೊದಲು ಟೊಪ್ಪಿಗೆ, ಆಮೇಲೆ ದವಡೆ, ಆಮೇಲೆ ಮೂಗು. "ಕಣ್ಣಿಗಿ ಅವಸರ ಮಾಡಬಾರದು" ಎಂದರು. ನಾನು ಹೂಂ, ಹೂಂ ಎನ್ನುತ್ತಿದ್ದೆ. ಮುಂದಿನ ಸ್ಟೇಷನ್ ಬರುವವರೆಗೂ ಅವರ ಧೋತರದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

ಆ ಸಣ್ಣ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತೆವು. ಸ್ಟೇಷನ್ ಮಾಸ್ತರರು ಸೇಡಂಗೆ ಫೋನು ಮಾಡಿ ಕಾಕಿಗೆ ಸುದ್ದಿ ಮುಟ್ಟಿಸಿದರು. ಬಿಸಿಲು ಇಳಿಯುತ್ತಿತ್ತು. ಕಾಕಾ ನನ್ನ ಕಡೆ ತಿರುಗಿದರು. ಈ ಸಲ ಗುರುತು ಹಿಡಿದಿದ್ದರು.

"ನಾ ಎಲ್ಲಿಗಿ ಹೊಂಟಿದ್ದೆವ್ವಾ?"

"ಸುಮ್ಮ ತಿರಗಾಡ್ಲಿಕ್ಕ ಬಂದೀವ್ರಿ ಕಾಕಾ."

ತಲೆ ಅಲ್ಲಾಡಿಸಿದರು, ನಂಬಲಿಲ್ಲ. "ನಿನಗ ಹೇಳ್ತೀನಿ, ಅಕಿಗಿ ಹೇಳಬ್ಯಾಡ. ನನಗ ಭಾಳ ಅಂಜಿಕಿ ಬರ್ಲಿಕತ್ತದ. ಸಾಯೋದಕ್ಕಲ್ಲ. ನಾ ಇನ್ನಾ ಬದುಕಿದ್ದಾಗೇ ಒಳಗಿಂದ ಯಾರೋ ಒಬ್ಬೊಬ್ಬರನ್ನೇ ಕರಕೊಂಡು ಹೋಗ್ಲಿಕತ್ತಾರ."

ಸೇಡಂ ಕಡೆಯ ರೈಲು ಬರುವವರೆಗೂ ನಾನು ಅವರ ಬ್ರಷ್ಷಿನ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ.

ಅದಾದ ಮೇಲೆ ತಲಬಾಗಿಲಿಗೆ ಕೀಲಿ ಬಿತ್ತು. ಕಾಕಾ ಮತ್ತೆ ಸಿಕಂದರಾಬಾದಿನ ಮಾತು ತೆಗೆಯಲಿಲ್ಲ. ಒಂದು ದಿನ ಕನ್ನಡಿಯ ಮುಂದೆ ನಿಂತು, ಈ ಮುದುಕ ಯಾರು, ಮನೆಯೊಳಗೆ ಯಾಕೆ ಬಂದಿದ್ದಾನೆ ಎಂದು ಗಾಬರಿಯಿಂದ ಕೇಳಿದರು. ಕಾಕಿ ಕನ್ನಡಿಯ ಮೇಲೆ ಹಳೆಯ ಸೀರೆಯ ತುಂಡು ಹಾಕಿದರು. ಅಂದಿನಿಂದ ಕೈಯಿಂದಲೇ ಸವರಿ ಬೈತಲೆ ತೆಗೆದುಕೊಂಡು ಕುಂಕುಮ ಹಚ್ಚಿಕೊಳ್ಳುತ್ತಿದ್ದರು, ಒಮ್ಮೊಮ್ಮೆ ಅದು ಒಂದು ಬದಿಗೆ ಸರಿದಿರುತ್ತಿತ್ತು. ನಾನು ಸರಿಮಾಡುತ್ತಿದ್ದೆ.

ಮುಂದಿನ ವರ್ಷ ನನಗೆ ಚಿತ್ತಾಪುರಕ್ಕೆ ವರ್ಗವಾಯಿತು. ನಾನು ಹೋದ ಕೆಲವೇ ತಿಂಗಳಲ್ಲಿ ಕಾಕಾ ತೀರಿಕೊಂಡರು. ಮಣ್ಣು ಕೊಡುವ ಹೊತ್ತಿಗೆ ಹೋಗಿದ್ದೆ. ಕೊನೆಯ ದಿನಗಳಲ್ಲಿ ಯಾರನ್ನೂ ಗುರುತಿಸುತ್ತಿರಲಿಲ್ಲ, ಆದರೆ ಅನ್ನ ಕಲಸಿ ಬಾಯಿಗಿಟ್ಟರೆ ತಿನ್ನುತ್ತಿದ್ದರು ಎಂದರು ಕಾಕಿ. "ನಾ ಯಾರಂತ ಗೊತ್ತಿದ್ದಿಲ್ಲ. ನನಗ ಅಂಜತಿದ್ದಿಲ್ಲ, ಅಷ್ಟೇ ಸಾಕಾತು." ಈಗ ಅವರು ಚಿಂಚೋಳಿಯ ಚಂದಾಪುರದಲ್ಲಿ ತಮ್ಮ ಅಕ್ಕನ ಮಗಳ ಹತ್ತಿರ ಇದ್ದಾರೆ. ಹಬ್ಬಕ್ಕೆ ಫೋನು ಮಾಡುತ್ತೇನೆ.

ಬಣ್ಣದವನು ಬಂದುಹೋದ ಆ ವಾರ, ಮೊಬೈಲಿನಲ್ಲಿ ಆ ನಟನನ್ನು ಹುಡುಕಿದೆ. ಕಾಕಾ ಹೇಳುತ್ತಿದ್ದ ಹೆಸರನ್ನು ಹೇಗೆ ಹೇಗೋ ಬರೆದು ನೋಡಿದೆ. ಕುದುರೆಯಿಂದ ಬಿದ್ದವರು ಸಿಕ್ಕರು, ಹಲಗೆ ನೋಡಿ ಮಾತಾಡಿದವರೂ ಸಿಕ್ಕರು. ಆ ಇಡೀ ಬದುಕು ಬದುಕಿದ ಒಬ್ಬನು ಸಿಗಲಿಲ್ಲ. ಹೆಸರನ್ನು ನಾನೇ ತಪ್ಪಾಗಿ ಕೇಳಿಸಿಕೊಂಡಿದ್ದೆನೋ, ನಾಲ್ಕಾರು ಜನರನ್ನು ಕೂಡಿಸಿ ಕಾಕಾ ಒಬ್ಬನನ್ನು ಮಾಡಿದ್ದರೋ... ಕೇಳೋಣವೆಂದರೆ ಅವರಿಲ್ಲ.

ನನಗೂ ನಿವೃತ್ತಿ ಹತ್ತಿರ ಬಂದಿದೆ. ಮೊನ್ನೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಎಷ್ಟೋ ವರ್ಷ ಹೇಳಿದ ಪಾಠ. ಹಲಗೆಯ ಕಡೆಯಿಂದ ಮಕ್ಕಳ ಕಡೆ ತಿರುಗಿದೆ, ಹೇಳಬೇಕಾದ ಶಬ್ದ ಬರಲಿಲ್ಲ. ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದರು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಆ ಶಬ್ದ ಹೇಳಿದಳು, ನಾನು ನಕ್ಕು ಪಾಠ ಮುಂದುವರಿಸಿದೆ. ಎಲ್ಲರಿಗೂ ಆಗುತ್ತದೆ, ವಯಸ್ಸು ಎಂದು ಮನೆಯಲ್ಲಿ ಅಂದರು. ಇರಬಹುದು. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಎದ್ದ ಅಂಜಿಕೆಯನ್ನು, ಅದು ಇಂಥದ್ದೇ ಎಂದು ಗೊತ್ತಿದ್ದವರ ಪಕ್ಕದಲ್ಲಿ ಕೂತು ಹೇಳಬೇಕೆನಿಸುತ್ತದೆ. ಅಂಥವರು ನನಗೆ ಒಬ್ಬರೇ ಇದ್ದರು.